ಮೂರು ಊರು, ಮೂರು ಜೀವ, ಒಂದೇ ಲೆಕ್ಕ

ಮಕ್ಕಳೇ, ಮೊದಲು ಒಂದು ಸಣ್ಣ ಆಟ ಆಡೋಣ. ಬಲಗೈಯನ್ನು ಮೇಜಿನ ಮೇಲೆ ಊರಿ. ಐದೂ ಬೆರಳಿನ ತುದಿ ಮೇಜಿಗೆ ತಾಗಿರಲಿ, ಅಂಗೈ ಮೇಲೆ ಎದ್ದಿರಲಿ. ಈಗ ಹೆಬ್ಬೆರಳು ಎತ್ತಿ. ಆಮೇಲೆ ಕಿರುಬೆರಳು. ಆಮೇಲೆ ತೋರುಬೆರಳು, ಉಂಗುರದ ಬೆರಳು. ಉಳಿದದ್ದು ನಡುಬೆರಳು ಒಂದೇ. ಕೈಯ ಭಾರವನ್ನೆಲ್ಲ ಅದರ ಉಗುರಿನ ತುದಿಗೆ ಬಿಡಿ. ಎಷ್ಟು ಹೊತ್ತು ತಡೆಯುತ್ತೀರಿ? ಹತ್ತು ಎಣಿಸುವುದರೊಳಗೆ ಬೆರಳು ನಡುಗುತ್ತದೆ. ಕುದುರೆ ಹುಟ್ಟಿದ ದಿನದಿಂದ ಕೊನೆಯವರೆಗೂ ಹೀಗೆಯೇ, ನಾಲ್ಕು ಕಾಲಿನ ನಾಲ್ಕು ನಡುಬೆರಳುಗಳ ಉಗುರಿನ ಮೇಲೆ ನಿಲ್ಲುತ್ತದೆ, ನಡೆಯುತ್ತದೆ, ಓಡುತ್ತದೆ. ನಾವು ಗೊರಸು ಎನ್ನುವುದು ಆ ಉಗುರನ್ನೇ.

ನಾನು ಪ್ರಾಣಿಶಾಸ್ತ್ರ ಓದಿದವನಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾದವನು. ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡಿಕೊಂಡು ನೌಕರಿ ಮುಗಿಸಿದೆ. ಈಗ ಎಪ್ಪತ್ತು ದಾಟಿದೆ. ನಿವೃತ್ತಿಯ ನಂತರ ಪ್ರಾಣಿಗಳ ಬಗ್ಗೆ ಓದುವ ಗೀಳು ಹತ್ತಿತು. ಓದುತ್ತಾ ಹೋದಂತೆ ಪ್ರತಿ ಪ್ರಾಣಿಯ ದೇಹವೂ ನನ್ನ ಹಳೆಯ ಲೆಡ್ಜರಿನಂತೆಯೇ ಕಾಣತೊಡಗಿತು. ಲೆಕ್ಕಶಾಸ್ತ್ರದ ಮೊದಲ ಪಾಠ ಡಬಲ್ ಎಂಟ್ರಿ. ಒಂದು ಕಡೆ ಜಮಾ ಬರೆದರೆ ಇನ್ನೊಂದು ಕಡೆ ಖರ್ಚು ಬರೆಯಲೇಬೇಕು. ಪ್ರಾಣಿಗಳು ತಮ್ಮ ಪರಿಸರಕ್ಕೆ ಹೊಂದಿಕೊಳ್ಳುವಾಗಲೂ ಅಷ್ಟೇ. ಒಂದು ಅನುಕೂಲ ಪಡೆದ ಜೀವ ಅದಕ್ಕೆ ಏನಾದರೊಂದು ಬೆಲೆ ತೆತ್ತಿರುತ್ತದೆ. ನಾನು ಓಡಾಡಿದ ಮೂರು ಊರುಗಳಿಂದ ಒಂದೊಂದು ಪ್ರಾಣಿ ತೆಗೆದುಕೊಂಡು ಈ ಲೆಕ್ಕ ತೋರಿಸುತ್ತೇನೆ.

ಹೊಂದಿಕೊಳ್ಳುವುದು ಎಂದರೇನು?

ಪ್ರಾಣಿ ಬೇಕೆಂದು ಬಯಸಿದ್ದಕ್ಕೆ ಅದರ ದೇಹ ಬದಲಾಗುವುದಿಲ್ಲ. ಒಂದು ಮಿಡತೆಯ ಸಂಸಾರವನ್ನು ನೆನೆಸಿಕೊಳ್ಳಿ. ನೂರು ಮರಿಗಳಲ್ಲಿ ಕೆಲವು ಹುಟ್ಟಾ ಹಸಿರು, ಕೆಲವು ಕಂದು ಎಂದಿಟ್ಟುಕೊಳ್ಳಿ. ರಾಗಿ ಕೊಯ್ದ ಹೊಲದ ಒಣ ಕೂಳೆಯಲ್ಲಿ ಹಸಿರು ಮಿಡತೆ ಎದ್ದು ಕಾಣುತ್ತದೆ, ಮೈನಾ ಹಕ್ಕಿ ಹೆಕ್ಕಿ ತಿನ್ನುತ್ತದೆ. ಕಂದು ಮಿಡತೆ ಕಾಣದೆ ಉಳಿಯುತ್ತದೆ, ಮೊಟ್ಟೆ ಇಡುತ್ತದೆ. ಅದರ ಮರಿಗಳಲ್ಲಿ ಕಂದು ಹೆಚ್ಚು. ಸಾವಿರಾರು ತಲೆಮಾರು ಹೀಗೆಯೇ ಸಾಗಿದರೆ ಆ ಜಾಗದ ಮಿಡತೆಗಳೆಲ್ಲ ಒಣಹುಲ್ಲಿನ ಬಣ್ಣದವಾಗುತ್ತವೆ. ಯಾವ ಮಿಡತೆಯೂ ಪ್ರಯತ್ನಪಟ್ಟು ಬಣ್ಣ ಬದಲಿಸಲಿಲ್ಲ. ಆ ಜಾಗಕ್ಕೆ ಒಪ್ಪಿದ್ದು ಉಳಿಯಿತು, ಒಪ್ಪದ್ದು ಅಳಿಯಿತು. ಚಾರ್ಲ್ಸ್ ಡಾರ್ವಿನ್ 1859ರಲ್ಲಿ ತನ್ನ ಪುಸ್ತಕದಲ್ಲಿ ವಿವರಿಸಿದ್ದು ಇದನ್ನೇ. ಇದಕ್ಕೆ ತುಂಬಾ ಕಾಲ ಬೇಕು ಎಂಬುದನ್ನು ಮಾತ್ರ ನೆನಪಿಡಿ. ಕೊನೆಯಲ್ಲಿ ಆ ಮಾತು ಬೇಕಾಗುತ್ತದೆ.

ಕುಣಿಗಲ್: ಉಗುರಿನ ಮೇಲೆ ಓಡುವ ಕುದುರೆ

ಕುಣಿಗಲ್ಲಿನ ಕುದುರೆ ಫಾರಂ ನಾಡಿಗೆಲ್ಲ ಗೊತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯಕ್ಕಾಗಿ ಕುದುರೆ ಬೆಳೆಸಿದ ಜಾಗ. ಈಗ ಅಲ್ಲಿ ಬೆಳೆಯುವುದು ರೇಸಿನ ಕುದುರೆಗಳು. ನಾನು ಕುಣಿಗಲ್ ಶಾಖೆಯಲ್ಲಿದ್ದಾಗ, ಬೆಳಗಿನ ಹೊತ್ತು ಬೇಲಿಯಾಚೆ ತಾಯಿಯ ಪಕ್ಕದಲ್ಲಿ ಮರಿಗಳು ಓಡುವುದನ್ನು ನೋಡಲು ಎಷ್ಟೋ ಸಲ ನಿಂತಿದ್ದೇನೆ.

ಕುದುರೆಯ ಪೂರ್ವಜ ಸುಮಾರು 5.5 ಕೋಟಿ ವರ್ಷಗಳ ಹಿಂದೆ ಕಾಡಿನಲ್ಲಿ ಸೊಪ್ಪು ತಿನ್ನುತ್ತಿದ್ದ, ನಾಯಿಯಷ್ಟೇ ಗಾತ್ರದ ಪ್ರಾಣಿ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು. ಕಾಡಿನ ಮೆತ್ತನೆಯ ನೆಲಕ್ಕೆ ಅಗಲವಾದ ಪಾದ ಒಪ್ಪುತ್ತಿತ್ತು. ಮುಂದೆ ಎಷ್ಟೋ ಕಡೆ ಕಾಡು ಕಡಿಮೆಯಾಗಿ ಹುಲ್ಲುಗಾವಲು ಹರಡಿತು. ಬಯಲಿನಲ್ಲಿ ಅಡಗಲು ಜಾಗವಿಲ್ಲ, ಓಡಿದರೆ ಮಾತ್ರ ಬದುಕು. ಕಾಲು ಉದ್ದವಾಯಿತು, ಅಕ್ಕಪಕ್ಕದ ಬೆರಳುಗಳು ಸಣ್ಣದಾಗುತ್ತಾ ಹೋಗಿ ನಡುಬೆರಳೊಂದೇ ಉಳಿಯಿತು. ಕುದುರೆಯ ಮುಂಗಾಲಿನಲ್ಲಿ ನಾವು ಮೊಣಕಾಲು ಎಂದುಕೊಳ್ಳುವ ಕೀಲು ನಿಜವಾಗಿ ನಮ್ಮ ಮಣಿಕಟ್ಟಿಗೆ ಸಮ. ಅದರ ಕೆಳಗೆ ಮಾಂಸಖಂಡ ಇಲ್ಲವೇ ಇಲ್ಲ ಎನ್ನಬಹುದು, ಮೂಳೆ ಮತ್ತು ನರದ ಹಗ್ಗಗಳಷ್ಟೇ. ತುದಿ ಹಗುರವಾದ್ದರಿಂದ ಕಾಲನ್ನು ಬೇಗ ಬೀಸಬಹುದು. ಸುಮಾರು 500 ಕಿಲೋ ತೂಗುವ ಪ್ರಾಣಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಗುಟ್ಟು ಇಲ್ಲಿದೆ.

ನಡವಳಿಕೆಯೂ ದೇಹದ ಜೊತೆಗೇ ಹೊಂದಿಕೊಂಡಿತು. ಕಾಲಿನ ಕೀಲುಗಳಿಗೆ ಬೀಗ ಹಾಕಿದಂತೆ ಮಾಡಿಕೊಂಡು ಕುದುರೆ ನಿಂತಲ್ಲೇ ತೂಕಡಿಸುತ್ತದೆ. ಶತ್ರು ಬಂದರೆ ಎದ್ದೇಳುವ ಹೊತ್ತು ಉಳಿಯಿತಲ್ಲ! ಗಾಢ ನಿದ್ರೆಗೆ ಮಾತ್ರ ಸ್ವಲ್ಪ ಹೊತ್ತು ಮಲಗುತ್ತದೆ. ಕಣ್ಣುಗಳು ತಲೆಯ ಅಕ್ಕಪಕ್ಕದಲ್ಲಿರುವುದರಿಂದ ಮೇಯುತ್ತಲೇ ಸುತ್ತಮುತ್ತ ನೋಡುತ್ತದೆ. ಮರಿ ಹುಟ್ಟಿದ ಒಂದೆರಡು ಗಂಟೆಯೊಳಗೆ ಎದ್ದು ನಿಲ್ಲುತ್ತದೆ.

ಇದು ಜಮಾ. ಖರ್ಚಿನ ಕಡೆ ನೋಡಿ. ಇಷ್ಟು ಭಾರಕ್ಕೆ ಅಷ್ಟು ತೆಳ್ಳನೆಯ ಕಾಲು. ಮುರಿದರೆ ಕೂಡಿಸುವುದು ಬಹಳ ಕಷ್ಟ. ನಮ್ಮ ಹಾಗೆ ಆರು ವಾರ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಮಲಗಿರಲು ಕುದುರೆಗೆ ಆಗದು. ವೇಗ ಪಡೆದ ಪ್ರಾಣಿ ಅದಕ್ಕೆ ಕಾಲನ್ನೇ ಅಡವಿಟ್ಟಿದೆ.

ಗುಬ್ಬಿ: ನಮ್ಮ ಮನೆಯನ್ನೇ ಕಾಡು ಮಾಡಿಕೊಂಡ ಹಕ್ಕಿ

ಗುಬ್ಬಿ ಎಂಬ ಊರಿನಲ್ಲಿ ಗುಬ್ಬಿಯ ಬಗ್ಗೆ ಹೇಳದಿದ್ದರೆ ಹೇಗೆ? ಪುರಾಣ ಕೇಳಲು ಬಂದು ಕೂರುತ್ತಿದ್ದ ಗುಬ್ಬಿಗಳಿಂದಲೇ ಊರಿಗೆ ಈ ಹೆಸರು ಬಂತೆಂದು ಅಲ್ಲಿನ ಹಿರಿಯರು ಕಥೆ ಹೇಳುತ್ತಾರೆ.

ಕುದುರೆ ಹೊಂದಿಕೊಂಡದ್ದು ಹುಲ್ಲುಗಾವಲಿಗೆ. ಮನೆಗುಬ್ಬಿ ಹೊಂದಿಕೊಂಡದ್ದು ನಮಗೆ. ಮನುಷ್ಯ ಬೇಸಾಯ ಕಲಿತು ಸುಮಾರು 10,000 ವರ್ಷಗಳಾದವು. ಕಣದಲ್ಲಿ ಚೆಲ್ಲಿದ ಕಾಳು, ಮೊರದಿಂದ ಹಾರಿದ ನುಚ್ಚು, ಸೂರಿನ ಸಂದಿ ಇವೆಲ್ಲ ಗುಬ್ಬಿಗೆ ಹೊಸ ಕಾಡಾದವು. ದಪ್ಪ, ಗಿಡ್ಡ ಕೊಕ್ಕು ಗಟ್ಟಿ ಕಾಳನ್ನು ಒಡೆಯಲು ಹೇಳಿ ಮಾಡಿಸಿದ್ದು. ಮಧ್ಯ ಏಷ್ಯಾದಲ್ಲಿ ಮನುಷ್ಯರ ಹಂಗಿಲ್ಲದೆ ಬದುಕುವ ಗುಬ್ಬಿಯ ಒಂದು ಬಳಗವಿದೆ. ಅದಕ್ಕೂ ನಮ್ಮ ಮನೆಗುಬ್ಬಿಗೂ ಇರುವ ವ್ಯತ್ಯಾಸವನ್ನು ವಿಜ್ಞಾನಿಗಳು ಹುಡುಕಿ 2018ರಲ್ಲಿ ಪ್ರಕಟಿಸಿದರು. ಮನೆಗುಬ್ಬಿಯಲ್ಲಿ ಎರಡು ಮುಖ್ಯ ಬದಲಾವಣೆಗಳು ಕಂಡವು. ಒಂದು ತಲೆಬುರುಡೆಯ ಆಕಾರಕ್ಕೆ ಸಂಬಂಧಿಸಿದ್ದು, ಇನ್ನೊಂದು ಪಿಷ್ಟ ಜೀರ್ಣಿಸುವುದಕ್ಕೆ ಸಂಬಂಧಿಸಿದ್ದು. ಅಕ್ಕಿ, ರಾಗಿ, ಗೋಧಿಯಲ್ಲಿ ತುಂಬಿರುವುದು ಪಿಷ್ಟವೇ ತಾನೆ? ಅನ್ನ, ಮುದ್ದೆ ತಿಂದು ಬೆಳೆದ ನಾಯಿಯಲ್ಲೂ ಇದೇ ಬಗೆಯ ಬದಲಾವಣೆ ಆಗಿದೆ. ನಮ್ಮ ಜೊತೆ ಉಂಡವರ ಹೊಟ್ಟೆಗಳು ನಮ್ಮ ಹೊಟ್ಟೆಯಂತೆಯೇ ಆದವು.

ಗುಬ್ಬಿ ಶಾಖೆಯಲ್ಲಿ ನಾನಿದ್ದ ಹಳೆಯ ಹೆಂಚಿನ ಕಟ್ಟಡದಲ್ಲಿ ಗೋಡೆ ಗಡಿಯಾರದ ಹಿಂದೆ ಒಂದು ಜೋಡಿ ಗೂಡು ಕಟ್ಟಿತ್ತು. ಕ್ಯಾಷ್ ಕೌಂಟರಿನ ನೆತ್ತಿಗೇ ಫ್ಯಾನು. ಏಪ್ರಿಲ್ ತಿಂಗಳ ಧಗೆ ಬೇರೆ. ಮರಿಗಳು ಹಾರುವವರೆಗೆ ಆ ಫ್ಯಾನು ಹಾಕಕೂಡದೆಂದು ನಮ್ಮ ಜವಾನ ಸ್ವಿಚ್ಚಿಗೆ ಕಾಗದ ಅಂಟಿಸಿಬಿಟ್ಟ. ಗಿರಾಕಿಗಳು ಗೊಣಗಿದರು. ಆದರೆ ಎರಡು ವಾರ ಯಾರೂ ಸ್ವಿಚ್ಚು ಮುಟ್ಟಲಿಲ್ಲ. ಅಷ್ಟು ದಿನವೂ ತಾಯಿ-ತಂದೆ ಹಕ್ಕಿಗಳು ತಂದು ತಿನ್ನಿಸಿದ್ದು ಹೆಚ್ಚಾಗಿ ಹುಳುಗಳನ್ನು. ದೊಡ್ಡ ಗುಬ್ಬಿ ಕಾಳು ತಿಂದು ಬದುಕಿದರೂ ಎಳೆಯ ಮರಿ ಬೆಳೆಯಲು ಹುಳುವೇ ಬೇಕು.

ಗುಬ್ಬಿಯ ಖರ್ಚಿನ ಕಡೆ ಇರುವುದು ಇದೇ. ಅದು ತನ್ನ ಬದುಕನ್ನು ನಮ್ಮ ಬದುಕಿಗೆ ಕಟ್ಟಿಕೊಂಡಿತು. ನಾವು ಹೆಂಚು ತೆಗೆದು ಆರ್‌ಸಿಸಿ ಹಾಕಿದೆವು, ಸಂದಿ ಹೋಯಿತು. ರಾಗಿ ಪ್ಯಾಕೆಟ್ಟಿನಲ್ಲಿ ಬಂತು, ಕಣ ಹೋಯಿತು. ಹಿತ್ತಲಿಗೆ ಸಿಮೆಂಟು ಬಿತ್ತು, ಗಿಡಕ್ಕೆ ಔಷಧಿ ಬಿತ್ತು, ಹುಳು ಹೋಯಿತು. ಆ ಕಟ್ಟಡವನ್ನೂ ಕೆಡವಿ ಹೊಸದು ಕಟ್ಟಿದರು. ಅದರ ಗೋಡೆಗಳಲ್ಲಿ ಒಂದು ಬಿರುಕೂ ಇಲ್ಲ.

ತುಮಕೂರು: ಜಿಗಿಯಲಾರದ ಕಾಡುಪಾಪ

ಮೂರನೆಯದನ್ನು ನೋಡಿದವರು ಕಡಿಮೆ. ತುಮಕೂರು ತಾಲ್ಲೂಕಿನ ನಾಗವಲ್ಲಿಯ ಸುತ್ತಮುತ್ತ, ಊರಿನ ಮಗ್ಗುಲಲ್ಲೇ, ತೋಟದ ಬೇಲಿಗಳಲ್ಲಿ ಕಾಡುಪಾಪ ಇದೆ. ಸುಮಾರು ಕಾಲು ಕಿಲೋ ತೂಕದ, ಬಾಲವಿಲ್ಲದ, ಕಡ್ಡಿಯಂಥ ಕೈಕಾಲಿನ ಪ್ರಾಣಿ. ಕೋತಿಯೂ ನಾವೂ ಸೇರಿದ ದೊಡ್ಡ ಬಳಗಕ್ಕೇ ಸೇರಿದ್ದು, ಹಾಗಾಗಿ ನಮಗೆ ದೂರದ ನೆಂಟ.

ಒಮ್ಮೆ ಅಲ್ಲಿನ ಸ್ನೇಹಿತರೊಬ್ಬರ ಜೊತೆ ರಾತ್ರಿ ಹೋಗಿದ್ದೆ. ಹುಣಸೆ ಮರದ ಕೊಂಬೆಗಳ ನಡುವೆ ಎರಡು ಕೆಂಡದ ಚುಕ್ಕಿಗಳು. ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂಥ ಪದರವಿದ್ದು, ಒಳಬಂದ ಬೆಳಕನ್ನು ಅದು ಮತ್ತೆ ಕಣ್ಣಿಗೇ ತಿರುಗಿಸುತ್ತದೆ. ಕತ್ತಲೆಯಲ್ಲಿ ಸಿಕ್ಕ ಚೂರು ಬೆಳಕನ್ನೂ ಪೋಲು ಮಾಡದ ಏರ್ಪಾಡು. ಸ್ನೇಹಿತರು ಕೂಡಲೇ ಟಾರ್ಚ್ ಆರಿಸಿ, "ಸಾಕು ಸಾರ್, ಅದರ ಕಣ್ಣಿಗೆ ನೋವಾಗ್ತದೆ" ಎಂದರು.

ಕಾಡುಪಾಪ ಜಿಗಿಯುವುದಿಲ್ಲ. ಒಂದು ಕೈ ಬಿಟ್ಟು, ಇನ್ನೊಂದು ಹಿಡಿದು, ಎಲೆ ಅಲುಗದಂತೆ ತೆವಳುತ್ತದೆ. ಶತ್ರುವಿಗೂ ಸುಳಿವಿಲ್ಲ, ಬೇಟೆಯ ಹುಳುವಿಗೂ ಸುಳಿವಿಲ್ಲ. ಹತ್ತಿರ ಬಂದ ಮೇಲೆ ಮಾತ್ರ ಕೈ ಮಿಂಚಿನಂತೆ ಚಾಚುತ್ತದೆ. ಅದರ ತೋರುಬೆರಳು ಮೋಟಾಗಿದೆ. ಇದರಿಂದ ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವೆ ಜಾಗ ಅಗಲವಾಗಿ ಕೈ ಇಕ್ಕಳದಂತಾಗಿದೆ. ಕೈಕಾಲಿನ ರಕ್ತನಾಳಗಳು ಬಲೆಯಂತೆ ಕವಲೊಡೆದಿವೆ. ಗಂಟೆಗಟ್ಟಲೆ ಕೊಂಬೆ ಹಿಡಿದರೂ ದಣಿಯದಿರಲು ಇದು ನೆರವಾಗುತ್ತದೆಂದು ವಿಜ್ಞಾನಿಗಳ ವಿವರಣೆ. ಬೇರೆ ಪ್ರಾಣಿಗಳು ಮೂಸಿ ಬಿಡುವ ಇರುವೆ, ಘಾಟು ಹುಳುಗಳನ್ನೂ ತಿನ್ನುವುದರಿಂದ ಊಟಕ್ಕೆ ಪೈಪೋಟಿಯೂ ಕಡಿಮೆ.

ಈಗ ಖರ್ಚು. ಜಿಗಿಯಲು ಬಾರದ ಪ್ರಾಣಿಗೆ ಕೊಂಬೆಗೆ ಕೊಂಬೆ ತಾಗಿರಲೇಬೇಕು. ಹೊಂಗೆ, ಬೇವು, ಹುಣಸೆ, ಕಳ್ಳಿ, ಬಳ್ಳಿ ಹೆಣೆದುಕೊಂಡ ಹಳೆಯ ಬೇಲಿಯೇ ಅದರ ರಸ್ತೆ. ಬೇಲಿ ಸವರಿ ಕಲ್ಲುಕಂಬ ನೆಟ್ಟು ತಂತಿ ಎಳೆದರೆ ಆ ರಸ್ತೆ ಅಲ್ಲಿಗೆ ಕಡಿಯಿತು. ಆಗ ಅದು ನೆಲಕ್ಕಿಳಿಯಬೇಕು. ನೆಲದ ಮೇಲೆ ಅದರ ನಡಿಗೆ ತೀರ ನಿಧಾನ. ನಾಯಿ, ವಾಹನ ಕಾದಿರುತ್ತವೆ. ವಿದ್ಯುತ್ ತಂತಿಯನ್ನು ಕೊಂಬೆಯೆಂದು ಹಿಡಿದರೆ ಅದೂ ಅಪಾಯವೇ. ಇದು ಸಾಲದೆಂಬಂತೆ ಮಾಟ-ಮಂತ್ರ, ನಾಟಿ ಔಷಧಿಯ ಹೆಸರಿನಲ್ಲಿ ಈ ಬಡಪ್ರಾಣಿಯನ್ನು ಹಿಡಿದು ಹಿಂಸಿಸುವ ಮೂಢನಂಬಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ ಕಾಡುಪಾಪದ ಹೆಸರಿದೆ. ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ.

ಬಾಕಿ ಎಷ್ಟು?

ಮೂರು ಲೆಕ್ಕಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕುದುರೆಗೆ ಕೋಟಿಗಟ್ಟಲೆ ವರ್ಷ ಸಿಕ್ಕಿತು. ಗುಬ್ಬಿಗೆ ಹತ್ತು ಸಾವಿರ ವರ್ಷ ಸಿಕ್ಕಿತು. ಕಾಡುಪಾಪದ ಬೇಲಿ ಹೋಗುವುದಕ್ಕೆ ಜೆಸಿಬಿಗೆ ಅರ್ಧ ದಿನ ಸಾಕು. ಮೇಲೆ ನೆನಪಿಡಿ ಎಂದಿದ್ದೆನಲ್ಲ, ಹೊಂದಿಕೊಳ್ಳಲು ಕಾಲ ಬೇಕು ಎಂದು? ನಾವು ಆ ಕಾಲವನ್ನೇ ಕೊಡುತ್ತಿಲ್ಲ. ಪ್ರಾಣಿಯ ದೇಹ ಒಂದು ಜಾಗಕ್ಕೆಂದು ಬರೆದ ಚೆಕ್ಕು. ಆ ಜಾಗವೇ ಇಲ್ಲವಾದರೆ ಅದು ಎಲ್ಲಿಯೂ ನಡೆಯುವುದಿಲ್ಲ. ಕುದುರೆಗಾದರೆ ಲಾಯ ಕಟ್ಟಿ, ಲಾಳ ಹೊಡೆದು, ಹುರುಳಿ ಬೇಯಿಸಿ ಹಾಕುವ ಜನ ಇದ್ದಾರೆ. ಗುಬ್ಬಿ, ಕಾಡುಪಾಪಗಳಿಗೆ ಹಾಗೆ ಯಾರೂ ಇಲ್ಲ.

ನಮ್ಮಿಂದ ಆಗುವುದು ಸಣ್ಣದಾದರೂ ಇದೆ. ಹೊಸ ಮನೆ ಕಟ್ಟುವಾಗ ಸಜ್ಜಾದ ಕೆಳಗೆ ಗೂಡಿಗೆ ಒಂದು ಪೆಟ್ಟಿಗೆ ಅಥವಾ ಒಂದು ಗೂಡು ಬಿಡಿ. ಹಿತ್ತಲಿನ ಒಂದು ಮೂಲೆ ಮಣ್ಣಾಗಿಯೇ ಇರಲಿ, ಗುಬ್ಬಿಗೆ ಧೂಳಿನ ಸ್ನಾನಕ್ಕೂ ಬೇಕು, ಮರಿಗೆ ಹುಳುವಿಗೂ ಬೇಕು. ಹೊಲವಿದ್ದವರು ಹಸಿರು ಬೇಲಿಯನ್ನು ಪೂರ್ತಿ ಸವರಬೇಡಿ. ತಂತಿ ಹಾಕಲೇಬೇಕಾದರೆ ಮರಗಳನ್ನು ಉಳಿಸಿಕೊಂಡು ಹಾಕಿ. ಕಾಡುಪಾಪ ನೆಲದ ಮೇಲೆ ಸಿಕ್ಕರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ.

ಇನ್ನು ಈ ವಾರದ ಕೆಲಸ. ಮಕ್ಕಳೇ, ಒಂದು ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ 'ಆಗ', ಬಲಗಡೆ 'ಈಗ' ಎಂದು ಬರೆಯಿರಿ. ತಾತ, ಅಜ್ಜಿಯ ಪಕ್ಕ ಕೂತು ಕೇಳಿ: ನೀವು ನನ್ನಷ್ಟು ಇದ್ದಾಗ ಮನೆಯ ಸುತ್ತ ಯಾವ ಯಾವ ಪ್ರಾಣಿ, ಹಕ್ಕಿ, ಹುಳು ಇದ್ದವು? ಎಲ್ಲಿ ಮಲಗುತ್ತಿದ್ದವು, ಏನು ತಿನ್ನುತ್ತಿದ್ದವು? ಅವರು ಹೇಳಿದ್ದೆಲ್ಲ ಎಡಕ್ಕೆ. ಆಮೇಲೆ ಇಬ್ಬರೂ ಕೈ ಹಿಡಿದು ಹೊರಗೆ ಬಂದು, ಕಂಡದ್ದನ್ನು ಬಲಕ್ಕೆ ಬರೆಯಿರಿ. ಎಡದಲ್ಲಿದ್ದು ಬಲದಲ್ಲಿ ಇಲ್ಲದ್ದು ಎಷ್ಟು ಎಂದು ಎಣಿಸಿ. ಕೂಡಿಸುವಾಗ ತಾತನಿಗೆ ತಪ್ಪದೆ ಒಂದು ಮಾತು ಕೇಳಿ, ಅವುಗಳಲ್ಲಿ ಯಾವುದು ಇನ್ನೂ ವಾಪಸ್ ಬರಬಹುದು ಎಂದು.