ಮಾಸ್ತರರ ಧೈರ್ಯ

ಮೂರರಲ್ಲಿ ಒಂದು ಪಾಲು ದೊಡ್ಡದೋ, ನಾಲ್ಕರಲ್ಲಿ ಒಂದು ಪಾಲು ದೊಡ್ಡದೋ? ಐದನೇ ತರಗತಿಯಲ್ಲಿ ಕೇಳಿನೋಡಿ, ಅನೇಕ ಮಕ್ಕಳು ನಾಲ್ಕರ ಕಡೆ ಕೈ ಎತ್ತುತ್ತಾರೆ. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ! ಗದರಿಸಿ ಸರಿಯುತ್ತರ ಹೇಳಿಸುವುದು ಸುಲಭ. ಮಗು ಎಡವಿದ ಜಾಗ ಗೊತ್ತಿರುವ ಮಾಸ್ತರು ಎರಡು ಜೋಳದ ರೊಟ್ಟಿ ತರಿಸಿ, ಒಂದನ್ನು ಮೂವರಿಗೆ, ಇನ್ನೊಂದನ್ನು ನಾಲ್ವರಿಗೆ ಹಂಚಿಸುತ್ತಾರೆ. ಸಣ್ಣ ತುಂಡು ಸಿಕ್ಕವ ತಾನೇ ತಕರಾರು ತೆಗೆಯುತ್ತಾನೆ. ವಿಷಯ ಬಲ್ಲವರೆಲ್ಲ ಕಲಿಸಬಲ್ಲವರಲ್ಲ. ಕಲಿಸುವುದಕ್ಕೆಂದೇ ಬೇಕಾದ ಈ ತಿಳಿವಳಿಕೆಯನ್ನು 1986ರಲ್ಲಿ ಶಿಕ್ಷಣ ತಜ್ಞ ಲೀ ಶುಲ್ಮನ್ ಬೇರೆಯಾಗಿ ಗುರುತಿಸಿದರು.

ತಿಳಿವಳಿಕೆಯೊಂದೇ ಸಾಲದು, ಧೈರ್ಯವೂ ಬೇಕು. ‘ಈ ಕೆಲಸ ನನ್ನಿಂದ ಆಗುತ್ತದೆ’ ಎಂಬ ನಂಬಿಕೆಗೆ 1977ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ನಾಲ್ಕು ಮೂಲಗಳನ್ನು ಹೇಳಿದರು: ಸ್ವತಃ ಮಾಡಿ ಗೆದ್ದದ್ದು, ತನ್ನಂಥವರು ಗೆದ್ದದ್ದನ್ನು ಕಂಡದ್ದು, ಬಲ್ಲವರ ಭರವಸೆಯ ಮಾತು, ಮೈಮನಸ್ಸಿನ ಸ್ಥಿತಿ. ಮೊದಲನೆಯದೇ ಎಲ್ಲಕ್ಕಿಂತ ಗಟ್ಟಿ. ಈ ಧೈರ್ಯ ಹುಟ್ಟುಗುಣವಲ್ಲ, ಎಲ್ಲ ಕಡೆ ಒಂದೇ ಅಳತೆಯದ್ದೂ ಅಲ್ಲ. ಲಿಂಗಸುಗೂರಿನಲ್ಲಿ ಪದ್ಯ ಹೇಳಿ ಇಡೀ ತರಗತಿಯನ್ನು ಕುಣಿಸಿದವರು, ಸಿಂಧನೂರಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪಿಗೆ ವರ್ಗವಾಗಿ ಹೋಗಿ, ಮನೆಯಲ್ಲಿ ಬಂಗಾಳಿ ಆಡುವ ಮಕ್ಕಳೆದುರು ತಡವರಿಸಬಹುದು.

ಈ ಧೈರ್ಯಕ್ಕೂ ನೀತಿಗೂ ಏನು ಸಂಬಂಧ? ಮಸ್ಕಿ ಕಡೆ ಹತ್ತಿ ಬಿಡಿಸುವ ದಿನಗಳಲ್ಲಿ ಕೆಲವು ಮಕ್ಕಳು ಶಾಲೆಗಲ್ಲ, ಹೊಲಕ್ಕೆ ಹೋಗುತ್ತಾರೆ. ಅವರಿಗೂ ಹಾಜರಿ ಹಾಕಿಬಿಡಬಹುದು, ಪರೀಕ್ಷೆಯ ದಿನ ಉತ್ತರವನ್ನು ಬೋರ್ಡಿನ ಮೇಲೆ ಬರೆದೂಬಿಡಬಹುದು. ಅಂಕ ತುಂಬುತ್ತವೆ, ಮೇಲಿನವರು ಶಭಾಷ್ ಎನ್ನುತ್ತಾರೆ. ಆದರೆ ಆ ಅಂಕ ತನ್ನ ಪಾಠದಿಂದ ಬಂದದ್ದಲ್ಲವೆಂದು ಬರೆದವರಿಗೆ ಗೊತ್ತು. ಮಾಡಿ ಗೆದ್ದ ಅನುಭವವೆಂಬ ಮೊದಲ ಮೂಲವೇ ಬತ್ತಿತು. ಹಟ್ಟಿಯ ಚಿನ್ನದ ಗಣಿಯನ್ನೇ ನೋಡಿ: ಒಂದು ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಅದಿರಿನ ಪರೀಕ್ಷೆಯ ಲೆಕ್ಕವನ್ನೇ ತಿದ್ದಿದರೆ ಮುಂದೆ ಎಲ್ಲಿ ಅಗೆಯುವುದು?

ಬೆತ್ತವೂ ಹೀಗೆಯೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನು ನಿಷೇಧಿಸಿದೆ, ಅದಿರಲಿ. ಹೆದರಿ ಸುಮ್ಮನಿರುವ ತರಗತಿ ಅರ್ಥವಾದ ತರಗತಿಯಂತೆಯೇ ಕಾಣುತ್ತದೆ. ಹೆದರಿಸುವ ಬದಲು ‘ನನಗೂ ಗೊತ್ತಿಲ್ಲ, ನಾಳೆ ನೋಡ್ಕೊಂಡು ಬಂದು ಹೇಳ್ತೀನಿ’ ಎಂದವರಿಗೆ ಮಾತ್ರ ಮರುದಿನ ಮಕ್ಕಳ ನಿಜವಾದ ಪ್ರಶ್ನೆಗಳು ಸಿಗುತ್ತವೆ.

ಶಿಕ್ಷಕರ ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆಯನ್ನು ಅಳೆಯಲು 2001ರಲ್ಲಿ ಅಮೆರಿಕದ ಇಬ್ಬರು ಸಂಶೋಧಕಿಯರು 24 ಪ್ರಶ್ನೆಗಳ ಮಾಪಕ ರೂಪಿಸಿದರು. ತೀರಾ ಕಷ್ಟದ ಮಗುವನ್ನು ಎಷ್ಟರ ಮಟ್ಟಿಗೆ ತಲುಪಬಲ್ಲಿರಿ ಎಂಬಂಥ ಪ್ರಶ್ನೆಗಳಿಗೆ ಶಿಕ್ಷಕರೇ 1ರಿಂದ 9ರವರೆಗೆ ಅಂಕ ಹಾಕಿಕೊಳ್ಳಬೇಕು. ಎಲ್ಲದಕ್ಕೂ 9 ಹಾಕಿದ ಹಾಳೆ ನನ್ನ ಕೈಗೆ ಬಂದರೆ, ನಾನು ಮೊದಲು ಅವರ ಹಾಜರಿ ಪುಸ್ತಕ ಕೇಳುತ್ತೇನೆ.