ಹಳೇ ಲಾರಿಗೆ ದುಡ್ಡು ಸುರಿಯೋದು ದಡ್ಡತನಾನಾ?

ಶೇಷಾದ್ರಿಪುರಂನಲ್ಲಿರೋ ನಮ್ಮ ಕ್ಲಾಸ್‌ಮೇಟ್ ಒಬ್ಬನ ಮನೆಗೆ ಇಂಟರ್ನಲ್ಸ್‌ಗೆ ಓದೋಕೆ ಅಂತ ಹೋಗ್ತಿರ್ತೀವಿ. ಅವರಪ್ಪನ ಹತ್ತಿರ ಒಂದು ಟಾಟಾ 407 ಇದೆ, 2008ರ ಮಾಡೆಲ್. ಯಶವಂತಪುರದ ಎಪಿಎಂಸಿ ಯಾರ್ಡ್‌ನಿಂದ ಅಕ್ಕಿ, ಬೇಳೆ ಮೂಟೆ ತಂದು ಶೇಷಾದ್ರಿಪುರಂ, ಮಲ್ಲೇಶ್ವರಂ, ಶ್ರೀರಾಮಪುರದ ಅಂಗಡಿಗಳಿಗೆ ಇಳಿಸೋದು ಅಂಕಲ್ ಕೆಲಸ. ಮನೆ ನಡೆಯೋದು, ನಮ್ಮ ಗೆಳೆಯನ ಕಾಲೇಜ್ ಫೀಸ್ ಕಟ್ಟೋದು ಎಲ್ಲಾ ಆ ಒಂದು ಗಾಡಿಯಿಂದಲೇ.

ಕಳೆದ ಸೆಮಿಸ್ಟರ್‌ನಲ್ಲಿ ಗಾಡಿ ಹೊಗೆ ಉಗುಳೋಕೆ ಶುರು ಮಾಡ್ತು. ಎಂಜಿನ್ ಆಯಿಲ್ ವಾರಕ್ಕೊಮ್ಮೆ ಹಾಕಬೇಕು, ಲೋಡ್ ಹಾಕಿದ್ರೆ ಫ್ಲೈಓವರ್ ಹತ್ತೋದೇ ಕಷ್ಟ. ಎಂಜಿನ್ ಓವರ್‌ಹಾಲ್, ಕ್ಲಚ್, ಟಿಂಕರಿಂಗ್, ಪೇಂಟ್ ಎಲ್ಲಾ ಸೇರಿ ಒಂದು ಲಕ್ಷದ ಎಂಬತ್ತು ಸಾವಿರ ಆಗುತ್ತೆ ಅಂದ್ರು ಮೇಸ್ತ್ರಿ. ನಾವು ಮೂರೂ ಜನ ಮೆಕ್ಯಾನಿಕಲ್ ಸ್ಟೂಡೆಂಟ್ಸ್ ತಾನೆ? ತಕ್ಷಣ ತೀರ್ಪು ಕೊಟ್ಟೇಬಿಟ್ವಿ: "ಅಂಕಲ್, ಅಷ್ಟು ದುಡ್ಡು ಹಳೇ ಗಾಡಿಗೆ ಹಾಕ್ಬೇಡಿ. ಮಾರಿ ಹೊಸದು ತಗೊಳ್ಳಿ." ಅಂಕಲ್ ಬೈಲಿಲ್ಲ. "ಲೆಕ್ಕ ಹಾಕಿ ತೋರಿಸ್ರಪ್ಪ, ಕೇಳ್ತೀನಿ" ಅಂದ್ರು.

ಮೊದಲು ಎಂಜಿನ್ ಒಳಗೆ ಏನಾಗಿತ್ತು ಅಂತ ಹೇಳ್ತೀವಿ, ಯಾಕಂದ್ರೆ ಗ್ಯಾರೇಜ್‌ನಲ್ಲಿ ಕಲಿತಷ್ಟನ್ನ ನಾವು ಲ್ಯಾಬ್‌ನಲ್ಲಿ ಕಲಿತಿಲ್ಲ. ಈ ಗಾಡಿಯಲ್ಲಿರೋದು ಟಾಟಾದ 497 ಎಂಜಿನ್. ಹೆಸರಲ್ಲೇ ವಿಷಯ ಇದೆ: 4 ಸಿಲಿಂಡರ್, 97 ಮಿಲಿಮೀಟರ್ ಬೋರ್. ಸ್ಟ್ರೋಕ್ 100 ಮಿಲಿಮೀಟರ್. ಕ್ಯಾಲ್ಕುಲೇಟರ್ ಒತ್ತಿ ನೋಡಿ, 2956 ಸಿಸಿ ಬರುತ್ತೆ. ದೊಡ್ಡ ಲಾರಿಗಳಲ್ಲಿ ಬರ್ತಿದ್ದ 697 ಇದರ ಅಣ್ಣ ಇದ್ದ ಹಾಗೆ. ಅದಕ್ಕೂ 97ರದ್ದೇ ಬೋರ್, ಆದರೆ ಸಿಲಿಂಡರ್ ಆರು. 1954ರಲ್ಲಿ ಟೆಲ್ಕೋ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಕೈ ಜೋಡಿಸಿದ್ದರ ಫಲ ಅದು.

ಪಿಸ್ಟನ್ ಕೆಳಗೆ ಬರುವಾಗ ಕನೆಕ್ಟಿಂಗ್ ರಾಡ್ ಓರೆಯಾಗಿರುತ್ತಲ್ವಾ, ಹಾಗಾಗಿ ಸಿಲಿಂಡರಿನ ಒಂದು ಬದಿಗೆ ಒತ್ತಡ ಜಾಸ್ತಿ ಬೀಳುತ್ತೆ. ವರ್ಷಗಟ್ಟಲೆ ಹೀಗೇ ಒತ್ತಿ ಒತ್ತಿ ದುಂಡಗಿದ್ದ ಬೋರ್ ಮೊಟ್ಟೆಯಾಕಾರಕ್ಕೆ ತಿರುಗುತ್ತೆ. ರಿಂಗ್ ಮಾತ್ರ ದುಂಡಗೇ ಇರುತ್ತೆ. ಆ ಸಂದಿಯಲ್ಲಿ ಗ್ಯಾಸ್ ಕೆಳಗೆ ಸೋರುತ್ತೆ, ಆಯಿಲ್ ಮೇಲೆ ಬಂದು ಉರಿಯುತ್ತೆ. ನೀಲಿ ಹೊಗೆ ಬರೋದು ಅದಕ್ಕೇ. ಮೇಸ್ತ್ರಿ ಬೋರ್ ಗೇಜ್ ಇಳಿಸೋಕೆ ಮುಂಚೆ ಬೆರಳು ಆಡಿಸಿಯೇ "ಹೋಗಿದೆ" ಅಂದ್ರು. ಗೇಜ್ ಕೂಡ ಅದನ್ನೇ ಹೇಳ್ತು. ಕ್ರ್ಯಾಂಕ್ ಶಾಫ್ಟನ್ನ ಲೇತ್ ಅಂಗಡಿಗೆ ಕಳಿಸಿ ಗ್ರೈಂಡ್ ಮಾಡಿಸಿ, ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗ್ ಹಾಕ್ತಾರೆ. "ಹತ್ತು ಹೊಡೆದಿದೆ" ಅಂದ್ರೆ ಹತ್ತು ಥೌ, ಅಂದ್ರೆ ಸುಮಾರು 0.25 ಮಿಲಿಮೀಟರ್ ತೆಗೆದಿದ್ದಾರೆ ಅಂತ. ಹೀಗೆ ಎರಡು ಮೂರು ಸಲ ಮಾಡಿಸಬಹುದು, ಆಮೇಲೆ ಶಾಫ್ಟೇ ಬದಲಿಸಬೇಕು. ರಿಂಗ್, ಪಿಸ್ಟನ್, ಬೇರಿಂಗ್ ಎಲ್ಲಾ ಜೆ.ಸಿ. ರಸ್ತೆಯಲ್ಲಿ ಸಿಗುತ್ತೆ. 1986ರಲ್ಲಿ ಬಂದ 407 ಇಷ್ಟು ವರ್ಷ ಓಡ್ತಿರೋದಕ್ಕೆ ಅದೂ ಒಂದು ಕಾರಣ. ಪಾರ್ಟ್ಸ್ ಸಿಗದ ಗಾಡಿಗೆ ಈ ಲೇಖನದ ಒಂದು ಮಾತೂ ಅನ್ವಯಿಸಲ್ಲ.

ಎಂಜಿನ್‌ಗಿಂತ ಮುಖ್ಯವಾದದ್ದು ಚಾಸಿ. ಮೇಸ್ತ್ರಿ ಮಾಡಿದ ಮೊದಲ ಕೆಲಸ ಅಂದ್ರೆ ಗಾಡಿ ಕೆಳಗೆ ಮಲಗಿ, ಸ್ಪ್ರಿಂಗ್ ಹಿಡಿದಿರೋ ಜಾಗಗಳಲ್ಲಿ ಸುತ್ತಿಗೆಯಿಂದ ತಟ್ಟಿದ್ದು. ಟಣ್ ಅಂದ್ರೆ ಸರಿ, ಡಬ್ ಅಂದ್ರೆ ಒಳಗೆ ತುಕ್ಕು. "ಇಲ್ಲಿ ಡಬ್ ಅಂದಿದ್ರೆ ಎಂಜಿನ್ ಬಿಚ್ಚಬೇಡಿ ಅಂತಿದ್ದೆ" ಅಂದ್ರು.

ಈಗ ಲೆಕ್ಕ. ಹೊಸ ಗಾಡಿ 13 ಲಕ್ಷ ಅಂದ್ಕೊಂಡ್ವಿ. 3 ಲಕ್ಷ ಕೈಯಿಂದ, 10 ಲಕ್ಷ ಸಾಲ, 10 ಪರ್ಸೆಂಟ್ ಬಡ್ಡಿ, 5 ವರ್ಷ. ಇಎಂಐ ಸುಮಾರು 21,250 ರೂಪಾಯಿ. ಐದು ವರ್ಷಕ್ಕೆ ಒಟ್ಟು 15.75 ಲಕ್ಷ ಕಟ್ಟಿರ್ತೀವಿ, ಆಗ ಗಾಡಿಗೆ 6 ಲಕ್ಷ ಬೆಲೆ ಉಳಿದಿರುತ್ತೆ ಅಂತ ಇಟ್ಕೊಳ್ಳಿ. ನಿಜವಾದ ಖರ್ಚು 9.75 ಲಕ್ಷ, ಅಂದ್ರೆ ತಿಂಗಳಿಗೆ 16,250.

ಹಳೇ ಗಾಡಿಗೆ ರಿಪೇರಿ 1.8 ಲಕ್ಷ, ನಾಲ್ಕು ವರ್ಷ ಬಾಳುತ್ತೆ ಅಂತ ಮೇಸ್ತ್ರಿ ಮಾತು. ಇಲ್ಲಿ ನಾವು ಒಂದು ಜಾಣತನ ಮಾಡಿದ್ವಿ: ಗಾಡಿಯನ್ನ ಈಗಲೇ ಮಾರಿದ್ರೆ ಒಂದೂವರೆ ಲಕ್ಷ ಬರುತ್ತೆ, ನಾಲ್ಕು ವರ್ಷ ಬಿಟ್ರೆ ಗುಜರಿ ಬೆಲೆ 60 ಸಾವಿರ. ಆ 90 ಸಾವಿರ ನಷ್ಟವೂ ಹಳೇ ಗಾಡಿಯ ಖರ್ಚೇ. ಎರಡೂ ಸೇರಿಸಿದ್ರೆ ತಿಂಗಳಿಗೆ 5,625. ಅದರ ಮೇಲೆ ಸಣ್ಣಪುಟ್ಟ ರಿಪೇರಿಗೆ ಹೊಸದಕ್ಕಿಂತ ತಿಂಗಳಿಗೆ 3,000 ಜಾಸ್ತಿ. ಒಟ್ಟು 8,625.

ವ್ಯತ್ಯಾಸ 7,625 ರೂಪಾಯಿ. ಇದನ್ನ ಹೊಸ ಗಾಡಿ ಡೀಸೆಲ್‌ನಲ್ಲಿ ಉಳಿಸಿಕೊಡಬೇಕು. ಹಳೇದು ಲೀಟರ್‌ಗೆ 8 ಕಿಲೋಮೀಟರ್, ಹೊಸದು 10, ಡೀಸೆಲ್ 90 ರೂಪಾಯಿ ಅಂತ ಹಿಡಿದ್ರೆ ಕಿಲೋಮೀಟರ್‌ಗೆ 2.25 ರೂಪಾಯಿ ಉಳಿತಾಯ. ಹಾಗಾದ್ರೆ ತಿಂಗಳಿಗೆ ಸುಮಾರು 3,400 ಕಿಲೋಮೀಟರ್ ಓಡಿದ್ರೆ ಮಾತ್ರ ಹೊಸದು ಗೆಲ್ಲುತ್ತೆ.

"ತಿಂಗಳಿಗೆ ಎಷ್ಟು ಓಡ್ಸ್ತೀರಾ ಅಂಕಲ್?" ಅಂತ ನಾವು ಕೇಳಿದ್ದು ಆಗ! ಅಲ್ಲಿವರೆಗೂ ಕೇಳೇ ಇರಲಿಲ್ಲ. ದಿನಕ್ಕೆ 45 ಕಿಲೋಮೀಟರ್ ದಾಟಲ್ಲ, ತಿಂಗಳಿಗೆ 1,200. ಯಾರ್ಡ್ ಹತ್ತಿರದಲ್ಲೇ ಇದೆ, ಅರ್ಧ ದಿನ ಲೋಡಿಂಗ್ ಅನ್‌ಲೋಡಿಂಗ್‌ನಲ್ಲೇ ಹೋಗುತ್ತೆ, ಉಳಿದಿದ್ದು ಸಿಗ್ನಲ್‌ನಲ್ಲಿ. ನಮ್ಮ ತೀರ್ಪು ಅಲ್ಲೇ ಬಿದ್ದೋಯ್ತು. ಹುಬ್ಬಳ್ಳಿಯಿಂದ ಮುಂಬೈಗೆ ದಿನಾ ಓಡೋ ಲಾರಿಗೆ ಇದೇ ಲೆಕ್ಕ ಉಲ್ಟಾ ಆಗುತ್ತೆ. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರು ಮಾಡಿದ ವಿಜಯ ಸಂಕೇಶ್ವರರ ವಿಆರ್‌ಎಲ್, ಹುಬ್ಬಳ್ಳಿ ಹತ್ತಿರದ ವರೂರಿನಲ್ಲಿ ತನ್ನದೇ ದೊಡ್ಡ ವರ್ಕ್‌ಶಾಪ್ ಇಟ್ಕೊಂಡಿದೆ. ರಿಪೇರಿ ಖರ್ಚು ಕೈಯಲ್ಲಿದ್ರೆ ಗಾಡಿಯನ್ನ ಯಾವಾಗ ಬಿಡಬೇಕು ಅನ್ನೋದೂ ಕೈಯಲ್ಲಿರುತ್ತೆ. ಒಂದೇ ಗಾಡಿ ಇರೋರಿಗೆ ಆ ಅನುಕೂಲ ಇಲ್ಲ. ಗಾಡಿ ಗ್ಯಾರೇಜ್‌ನಲ್ಲಿದ್ದ ಹದಿನೆಂಟು ದಿನ ಅಂಕಲ್‌ಗೆ ಸಂಪಾದನೆ ಸೊನ್ನೆ. ಎರಡು ಅಂಗಡಿಯವರು ಬೇರೆ ಗಾಡಿ ಹಿಡಿದ್ರು, ಒಬ್ಬರು ಇನ್ನೂ ವಾಪಸ್ ಬಂದಿಲ್ಲ. ನಮ್ಮ ಎಕ್ಸೆಲ್‌ನಲ್ಲಿ ಇದಕ್ಕೊಂದು ಕಾಲಂ ಇರಲಿಲ್ಲ.

ಇನ್ನೊಂದಕ್ಕೂ ಕಾಲಂ ಇರಲಿಲ್ಲ, ಹೊಗೆಗೆ. 2008ರ ಗಾಡಿ ಬಿಎಸ್ 3 ಕಾಲದ್ದು. ಭಾರಿ ಡೀಸೆಲ್ ಎಂಜಿನ್‌ಗಳಿಗೆ ಆಗ ನೈಟ್ರೋಜನ್ ಆಕ್ಸೈಡ್ ಮಿತಿ ಒಂದು ಕಿಲೋವ್ಯಾಟ್ ಅವರ್‌ಗೆ 5 ಗ್ರಾಂ ಇತ್ತು. 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್ 6ರಲ್ಲಿ ಅದು 0.4 ಗ್ರಾಂ ಆಸುಪಾಸು. ಓವರ್‌ಹಾಲ್ ಮಾಡಿದ್ರೆ ನೀಲಿ ಹೊಗೆ ನಿಲ್ಲುತ್ತೆ, ಪಂಪ್ ಮತ್ತು ಇಂಜೆಕ್ಟರ್ ಸರಿ ಮಾಡಿಸಿದ್ರೆ ಕಪ್ಪು ಹೊಗೆ ಕಮ್ಮಿ ಆಗುತ್ತೆ, ಆದ್ರೆ 2008ರ ಎಂಜಿನ್ 2020ರದ್ದು ಆಗಲ್ಲ. ಡೀಸೆಲ್ ದುಡ್ಡು ಅಂಕಲ್ ಕೊಡ್ತಾರೆ. ಹೊಗೆಯ ಬಿಲ್ ಮಾತ್ರ ಓಕಳಿಪುರಂ ಸಿಗ್ನಲ್‌ನಲ್ಲಿ ಹಿಂದೆ ನಿಂತ ಬೈಕಿನವರಿಗೆ ಹೋಗುತ್ತೆ. ಈ ವಿಷಯದಲ್ಲಿ ನಮ್ಮಲ್ಲೇ ಜಗಳ ಆಯ್ತು, ಇನ್ನೂ ಮುಗಿದಿಲ್ಲ.

ಸರ್ಕಾರ ಕೂಡ ಈ ಕಡೆಯಿಂದಲೇ ತಳ್ಳುತ್ತಿದೆ. 2021ರ ಗುಜರಿ ನೀತಿ ಪ್ರಕಾರ ಹಳೇ ಗಾಡಿಯನ್ನ ನೋಂದಾಯಿತ ಕೇಂದ್ರಕ್ಕೆ ಒಪ್ಪಿಸಿದ್ರೆ ಹೊಸ ಗಾಡಿ ಬೆಲೆಯ 4ರಿಂದ 6 ಪರ್ಸೆಂಟ್ ಸಿಗಬಹುದು, ವಾಣಿಜ್ಯ ವಾಹನಕ್ಕೆ ರಸ್ತೆ ತೆರಿಗೆಯಲ್ಲಿ 15 ಪರ್ಸೆಂಟ್‌ವರೆಗೆ ರಿಯಾಯಿತಿ ಕೊಡೋಕೆ ಅವಕಾಶ ಇದೆ. ಇನ್ನೊಂದು ಕಡೆ, 15 ವರ್ಷ ದಾಟಿದ ವಾಣಿಜ್ಯ ವಾಹನಗಳ ಎಫ್‌ಸಿ ಶುಲ್ಕವನ್ನ ಕೇಂದ್ರ ಏರಿಸಿದೆ. ಎಂಟು ವರ್ಷ ಆದ ಗಾಡಿಗೆ ಎಫ್‌ಸಿ ಪ್ರತಿ ವರ್ಷ ಬೇರೆ.

ಅಂಕಲ್ ರಿಪೇರಿಯನ್ನೇ ಮಾಡಿಸಿದ್ರು. ಆದ್ರೆ ಪೇಂಟ್ ಬಿಟ್ಟು ಆ ದುಡ್ಡಲ್ಲಿ ಇಂಜೆಕ್ಟರ್ ಹೊಸದು ಹಾಕಿಸಿದ್ರು. ಇಎಂಐ ಇಲ್ಲದ ಕಾರಣ ತಿಂಗಳಿಗೆ ಏಳು ಸಾವಿರ ಆರ್‌ಡಿ ಕಟ್ಟೋಕೆ ಶುರು ಮಾಡಿದ್ದಾರೆ, ನಾಲ್ಕು ವರ್ಷ ಆದಮೇಲೆ ಹೊಸ ಗಾಡಿಯ ಡೌನ್ ಪೇಮೆಂಟ್‌ಗೆ ಅಂತ. ಎಫ್‌ಸಿ ಪಾಸಾಯ್ತು. ಬಾಗಿಲು ಈಗಲೂ ಒಳಗಿಂದ ಕೈ ಹಾಕಿ ಎಳೆದ್ರೆ ಮಾತ್ರ ಮುಚ್ಚುತ್ತೆ.