ಸೆಲ್ಫ್ ತಿರುಗುತ್ತದೆ, ಎಂಜಿನ್ ಸ್ಟಾರ್ಟ್ ಆಗುವುದಿಲ್ಲ

ಕೀಲಿ ತಿರುಗಿಸಿದಾಗ ಎಂಜಿನ್ ಗಿರಗಿರನೆ ತಿರುಗಿದರೂ ಸ್ಟಾರ್ಟ್ ಆಗದೆ ಉಳಿಯುವ ತೊಂದರೆ ಕೊಡಗಿನ ಮಳೆಗಾಲದಲ್ಲಿ ಅಪರೂಪವಲ್ಲ. ಹಾಗಾದ ಕೂಡಲೇ ಬ್ಯಾಟರಿಯನ್ನು ದೂರಿ ಹೊಸದನ್ನು ಕೊಳ್ಳಲು ಹೊರಡುವವರೂ ಅಪರೂಪವಲ್ಲ. ಆದರೆ ಎಂಜಿನ್ನನ್ನು ಮೊದಲು ತಿರುಗಿಸಿಕೊಡುವ ಸ್ಟಾರ್ಟರ್ ಮೋಟಾರು, ಅಂದರೆ ಗ್ಯಾರೇಜುಗಳಲ್ಲಿ ಸೆಲ್ಫ್ ಎಂದೇ ಹೆಸರಾದ ಭಾಗ, ಎಂದಿನ ವೇಗದಲ್ಲೇ ತಿರುಗುತ್ತಿದ್ದರೆ ದೋಷವನ್ನು ಬೇರೆಡೆ ಹುಡುಕಬೇಕು. ಪೆಟ್ರೋಲ್ ಎಂಜಿನ್ ಉರಿಯಲು ಹದವಾಗಿ ಬೆರೆತ ಪೆಟ್ರೋಲ್ ಮತ್ತು ಗಾಳಿ, ಸಿಲಿಂಡರಿನೊಳಗೆ ಆ ಮಿಶ್ರಣದ ಮೇಲೆ ಬೀಳುವ ಒತ್ತಡ, ತಕ್ಕ ಕ್ಷಣಕ್ಕೆ ಒಂದು ಕಿಡಿ ಬೇಕು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ, ಒತ್ತಿ ಹಿಡಿದ ಗಾಳಿಯ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಇವುಗಳಲ್ಲಿ ಯಾವುದು ಇಲ್ಲವಾಗಿದೆ ಎಂದು ತಿಳಿಯುವ ಮೊದಲು ಒಂದು ಭಾಗವನ್ನೂ ಬದಲಿಸಬಾರದು.

ಕಾಫಿ ತೋಟಗಳಲ್ಲಿ ಇಂದಿಗೂ ದುಡಿಯುವ ಹಳೆಯ ಪೆಟ್ರೋಲ್ ಜೀಪುಗಳಲ್ಲಿ, 1985ರಲ್ಲಿ ಬಂದ ಜಿಪ್ಸಿಯ ಆರಂಭದ ಮಾದರಿಗಳಲ್ಲಿ, ಮೊದಲ ಅನುಮಾನ ತೇವದ ಮೇಲೆಯೇ ಹೋಗಬೇಕು. ಕಾಯಿಲಿನಿಂದ ಬರುವ ಸಾವಿರಾರು ವೋಲ್ಟ್‌ಗಳ ವಿದ್ಯುತ್ತನ್ನು ಸರದಿಯಂತೆ ಒಂದೊಂದು ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ರಾತ್ರಿಯಿಡೀ ಮಂಜು ಹನಿಗಟ್ಟಿದರೆ, ವಿದ್ಯುತ್ತು ಪ್ಲಗ್ಗಿನ ಸಂದಿಯನ್ನು ದಾಟುವ ಬದಲು ಆ ಹನಿಗಳ ಮೇಲೆ ಹರಿದು ಬಾಡಿಗೆ ಸೋರಿಹೋಗುತ್ತದೆ. ಕತ್ತಲಲ್ಲಿ ಬಾನೆಟ್ ತೆರೆದಿಟ್ಟು, ಯಾವುದನ್ನೂ ಮುಟ್ಟದೆ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿದರೆ ಪ್ಲಗ್ ವೈರುಗಳ ಮೈಮೇಲೆ ನೀಲಿ ಕಿಡಿಗಳು ಹರಿದಾಡುವುದು ಕಣ್ಣಿಗೇ ಕಾಣಬಹುದು. ಇಗ್ನಿಷನ್ ಆಫ್ ಮಾಡಿ ಮುಚ್ಚಳವನ್ನು ಬಿಚ್ಚಿ ಒಣಬಟ್ಟೆಯಿಂದ ಒರೆಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಒಳಗೋಡೆಯಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಮಾತ್ರ, ಅದು ವಿದ್ಯುತ್ತು ಸುಟ್ಟು ಮಾಡಿಕೊಂಡ ದಾರಿಯಾದ್ದರಿಂದ, ಮುಚ್ಚಳವನ್ನೇ ಬದಲಿಸಬೇಕು.

ಡಿಸ್ಟ್ರಿಬ್ಯೂಟರ್ ಇಲ್ಲದ ಇಂದಿನ ಪೆಟ್ರೋಲ್ ಕಾರುಗಳಲ್ಲಿ ಕಿವಿಯೇ ಮೊದಲ ಉಪಕರಣ. ಕೀಲಿಯನ್ನು ಆನ್ ಸ್ಥಾನಕ್ಕೆ ತಂದಾಗ ಹೆಚ್ಚಿನ ಕಾರುಗಳಲ್ಲಿ ಹಿಂದಿನ ಸೀಟಿನ ಕಡೆಯಿಂದ ಎರಡು-ಮೂರು ಸೆಕೆಂಡು ಸಣ್ಣ ಗುಂಯ್ ಸದ್ದು ಕೇಳುತ್ತದೆ, ಅದು ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪಿನದು. ಅದು ಕೇಳಿಸದಿದ್ದರೆ ಫ್ಯೂಸ್, ರಿಲೇ, ವೈರುಗಳನ್ನು ನೋಡಿದ ಮೇಲೆಯೇ ಪಂಪನ್ನು ದೂರಬೇಕು. ಕೊಡಗಿನ ಇಳಿಜಾರು ಅಂಗಳಗಳಲ್ಲಿ ಪೆಟ್ರೋಲ್ ತಳಕಂಡ ಕಾರನ್ನು ಓರೆಯಾಗಿ ನಿಲ್ಲಿಸಿದ್ದರೆ ಪಂಪು ಗಾಳಿಯನ್ನೇ ಎಳೆಯುತ್ತಿರಬಹುದು. ಕಳ್ಳತನ ತಡೆಯುವ ಇಮೊಬಿಲೈಸರ್‌ನ ದೀಪ ಮಿನುಗುತ್ತಿದ್ದರೆ ಇನ್ನೊಂದು ಕೀಲಿಯಿಂದ ಪ್ರಯತ್ನಿಸಬೇಕು. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವೂ ಏಳದಿದ್ದರೆ, ಎಂಜಿನ್ ತಿರುಗುತ್ತಿರುವ ಸುದ್ದಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಕ್ರ್ಯಾಂಕ್ ಸೆನ್ಸರನ್ನು ಶಂಕಿಸಬಹುದು. ಕಣದ ಪಕ್ಕದ ಶೆಡ್ಡಿನಲ್ಲಿ ನಿಲ್ಲುವ ಕಾರಿನಲ್ಲಿ ಇಲಿ ಕಡಿದ ವೈರಿಗಾಗಿಯೂ ಟಾರ್ಚು ಹಾಕಿ ಹುಡುಕುವುದು ಅಗತ್ಯ.

ಡೀಸೆಲ್ ವಾಹನದಲ್ಲಿ ಗ್ಯಾರೇಜಿನವರು ಏರ್ ಹಿಡಿದಿದೆ ಎನ್ನುವ ತೊಂದರೆ, ಅಂದರೆ ಪೈಪಿನಲ್ಲಿ ಗಾಳಿ ಸೇರಿ ಇಂಧನ ಮುಂದೆ ಸಾಗದಿರುವುದು, ಮತ್ತು ಫಿಲ್ಟರಿನಲ್ಲಿ ನೀರು ನಿಲ್ಲುವುದು ಮುಖ್ಯ ಕಾರಣಗಳು. ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಾದರೆ ಸಿಲಿಂಡರನ್ನು ಕಾಯಿಸುವ ಹೀಟರ್ ಪ್ಲಗ್ಗುಗಳೂ ಇದಕ್ಕೆ ಸೇರುತ್ತವೆ. ಕಾಮನ್ ರೈಲ್ ಎಂಜಿನ್ನುಗಳಲ್ಲಿ ಡೀಸೆಲ್ಲಿನ ಒತ್ತಡ ಚರ್ಮವನ್ನು ತೂರಿ ಒಳನುಗ್ಗುವಷ್ಟು ಹೆಚ್ಚಿರುವುದರಿಂದ ಅದರ ಪೈಪುಗಳನ್ನು ಮನೆಯಲ್ಲಿ ಸಡಿಲಿಸುವುದು ಅಪಾಯ.

ಯಾವ ವಾಹನವೇ ಆಗಲಿ, ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ ನಡುನಡುವೆ ಬಿಡುವು ಕೊಡಬೇಕು. ಎಂದಿಗಿಂತ ಹಗುರವಾಗಿ, ತಡೆಯೇ ಇಲ್ಲದಂತೆ ತಿರುಗುವ ಸದ್ದು ಬಂದರೆ ಟೈಮಿಂಗ್ ಬೆಲ್ಟ್ ತುಂಡಾಗಿರುವ ಸಾಧ್ಯತೆಯಿದ್ದು, ಮತ್ತೆ ಮತ್ತೆ ಯತ್ನಿಸಿದರೆ ವಾಲ್ವುಗಳಿಗೆ ಹಾನಿಯಾದೀತು. 2018ರ ಆಗಸ್ಟಿನಲ್ಲಿ ಕೊಡಗು ಕಂಡಂಥ ನೆರೆಯಲ್ಲಿ ಮುಳುಗಿದ ವಾಹನದ ಕೀಲಿಯನ್ನಂತೂ ತಿರುಗಿಸಲೇಬಾರದು, ಏಕೆಂದರೆ ನೀರು ಗಾಳಿಯಂತೆ ಕುಗ್ಗುವುದಿಲ್ಲ, ಸಿಲಿಂಡರಿನಲ್ಲಿ ಅದು ನಿಂತಿದ್ದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗಬಹುದು.